ಸೈಕಲ್ಲೂ ನನ್ನ ಜೊತೆಗೇ ಬರುತ್ತೆ ಸ್ವಾಮಿ!

"ಅಲ್ಲಾ ಗುರು, ಪ್ಯಾರಿಸ್ಸಲ್ಲಿ ಸೈಕಲ್ ಬಾಡಿಗೆಗೆ ಸಿಗಲ್ವಾ? ಇಲ್ಲಿಂದ ಯಾಕೆ ಹೊತ್ಕೊಂಡು ಹೋಗ್ಬೇಕು?"

ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗೋ ಆಸೆ ಇದೆ ಅಂದವರಿಗೆಲ್ಲ ಬೀಳುವ ಮೊದಲ ಪ್ರಶ್ನೆ ಇದು. ಆಫೀಸಿನ ಕ್ಯಾಂಟೀನಲ್ಲಿ ಕೇಳ್ತಾರೆ, ಹಾವನೂರು ಸರ್ಕಲ್ ಹತ್ತಿರ ಬೈಟೂ ಕಾಫಿ ಕುಡೀತಾ ಕೇಳ್ತಾರೆ, ಮನೆಗೆ ಬಂದ ನೆಂಟರೂ ಕೇಳ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸೈಕಲ್ ತುಳಿಯುವವರೇ ಈಗೀಗ "ಸ್ವಲ್ಪ ಪ್ರಾಕ್ಟಿಕಲ್ ಆಗಿರಿ" ಅಂತ ಇದೇ ಬುದ್ಧಿವಾದ ಹಂಚುತ್ತಿದ್ದಾರಲ್ಲ, ನನ್ನ ತಕರಾರು ಅವರ ಜೊತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ 1200 ಕಿ.ಮೀ. ಸವಾರಿ. ಪ್ಯಾರಿಸ್ ಕಡೆಯಿಂದ ಹೊರಟು ಅಟ್ಲಾಂಟಿಕ್ ತೀರದ ಬ್ರೆಸ್ಟ್ ಮುಟ್ಟಿ ವಾಪಸ್ ಬರಬೇಕು. ಹೆಚ್ಚೆಂದರೆ 90 ಗಂಟೆ. ಊಟ, ನಿದ್ದೆ, ಪಂಕ್ಚರ್ ಎಲ್ಲಾ ಅದರಲ್ಲೇ. ಹೋಗಬೇಕಾದರೆ ಅದೇ ವರ್ಷ 200, 300, 400, 600 ಕಿ.ಮೀ. ಬ್ರೆವೆಗಳನ್ನು ಮುಗಿಸಿರಬೇಕು. 200ಕ್ಕೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಮಿತಿ. 2019 ಮತ್ತು 2023ರಲ್ಲಿ ರಾಂಬುಯೆ ಎಂಬ ಊರಿಂದ ಹೊರಟಿತ್ತು. ಮುಂದಿನ ಸರದಿ 2027ರದು.

ಇದು ಮೊದಲು ನಡೆದದ್ದು 1891ರಲ್ಲಿ, ಆಗ ರೇಸು. ಷಾರ್ಲ್ ತೆರೋಂ ಅನ್ನೋನು 71 ಗಂಟೆ 22 ನಿಮಿಷದಲ್ಲಿ ಮುಗಿಸಿ ಗೆದ್ದ. ಆವತ್ತಿನ ನಿಯಮ ಏನು ಗೊತ್ತಾ? ಹೊರಟ ಸೈಕಲ್ಲಲ್ಲೇ ವಾಪಸ್ ಬರಬೇಕು, ಮಧ್ಯೆ ಬದಲಾಯಿಸೋ ಹಾಗಿಲ್ಲ. ಅಂದರೆ ಈ ಸವಾರಿ ಹುಟ್ಟಿದ್ದೇ ಒಬ್ಬ ಮನುಷ್ಯ, ಒಂದು ಸೈಕಲ್ ಅನ್ನೋ ಲೆಕ್ಕದ ಮೇಲೆ. ಅರ್ಹತೆಗೆ ಒಂದು ಸೈಕಲ್ಲು, ಪರೀಕ್ಷೆಗೆ ಇನ್ನೊಂದು ಅನ್ನೋದು ಇಲ್ಲಿ ಹೊಂದೋದೇ ಇಲ್ಲ.

ಭಾವನೆ ಬಿಡಿ, ಲೆಕ್ಕಕ್ಕೆ ಬನ್ನಿ. ನಿಮಿಷಕ್ಕೆ 70 ಸಲ ಪೆಡಲ್ ತಿರುಗುತ್ತೆ, ಒಟ್ಟು 60 ಗಂಟೆ ತುಳೀತೀರ ಅಂತಿಟ್ಟುಕೊಳ್ಳಿ. ಒಂದೊಂದು ಮಂಡಿಯೂ 2 ಲಕ್ಷ 52 ಸಾವಿರ ಸಲ ಮಡಚಬೇಕು. ಸೀಟಿನ ಎತ್ತರ 5 ಮಿ.ಮೀ. ಆಚೀಚೆ ಆದರೆ ತಿಪ್ಪಗೊಂಡನಹಳ್ಳಿವರೆಗೆ ಹೋಗಿ ಬರೋದಕ್ಕೆ ಏನೂ ಆಗಲ್ಲ. ಎರಡೂವರೆ ಲಕ್ಷ ಸಲ ಆದರೆ? ಚರ್ಮದ ಸೀಟಂತೂ ಸಾವಿರಾರು ಕಿ.ಮೀ. ಕೂತ ಮೇಲೇ ನಮ್ಮ ಮೈಗೆ ಒಗ್ಗೋದು. ಅದನ್ನು ಯಾವ ಅಂಗಡಿಯವನು ಬಾಡಿಗೆಗೆ ಕೊಡ್ತಾನೆ?

ಇನ್ನೊಂದು ವಿಷಯ ಯಾರೂ ಹೇಳಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಫ್ರಾನ್ಸಿನಲ್ಲಿ ಉಲ್ಟಾ, ಎಡಗೈಯದು ಮುಂದಿನದಕ್ಕೆ. ಮೂರನೇ ರಾತ್ರಿ, ಕಣ್ಣು ಎಳೀತಾ ಇದೆ, ಇಳಿಜಾರು, ರಸ್ತೆ ಒದ್ದೆ. ಆಗ ಕೈ ಯೋಚನೆ ಮಾಡಲ್ಲ, ಅಭ್ಯಾಸದಂತೆ ಹಿಡಿಯುತ್ತೆ. ಆರು ತಿಂಗಳು ಟೆಸ್ಟ್ ಮಾಡಿದ ಕೋಡ್ ಬಿಟ್ಟು ರಿಲೀಸ್ ದಿನ ಬೇರೆ ಯಾರದೋ ಕೋಡ್ ಹಾಕೋ ಟೆಕ್ಕಿ ಯಾರಾದರೂ ಇದ್ದರೆ ಕೈ ಎತ್ತಿ :-)

"2019ರಲ್ಲಿ ಭಾರತದಿಂದ ಹೋದವರಲ್ಲಿ ಹೆಚ್ಚಿನವರು ಮುಗಿಸಲೇ ಇಲ್ಲ, ಇಷ್ಟೆಲ್ಲಾ ಯಾಕೆ?" ಅನ್ನೋರಿದ್ದಾರೆ. ನಿಜ, ಮುಗಿಸಲಿಲ್ಲ. ಎದುರುಗಾಳಿ, ರಾತ್ರಿಯ ಕೊರೆಯುವ ಚಳಿ, ಮುಗಿಯದ ಏರಿಳಿತ. ಅಲ್ಲಿನ ಚಳಿಯನ್ನು ಬೆಂಗಳೂರಲ್ಲಿ ಅಭ್ಯಾಸ ಮಾಡೋಕಾಗಲ್ಲ, ಗಾಳಿಯನ್ನೂ ಆಗಲ್ಲ. ನಮ್ಮ ಕೈಲಿರೋದು ಸೈಕಲ್ ಒಂದೇ. ಅದನ್ನೂ ಬಿಟ್ಟು ಹೋಗಿ ಅಂತೀರಲ್ಲ, ಇದು ಯಾವ ನ್ಯಾಯ?

ಈಗ ನಿಜವಾದ ಖಳನಾಯಕನ ಕಡೆ ಬರೋಣ: ಚೆಕ್-ಇನ್ ಕೌಂಟರ್. ಬಹಳಷ್ಟು ವಿಮಾನ ಕಂಪನಿಗಳಲ್ಲಿ ಎಕಾನಮಿಯವರಿಗೆ ಒಂದು ಲಗೇಜಿನ ತೂಕ 23 ಕಿಲೋ. ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಸೈಕಲ್ ಡಬ್ಬ ತೂಕದಲ್ಲಿ ಸುಲಭವಾಗಿ ಪಾಸು. ಅಳತೆಯಲ್ಲಿ ಮಾತ್ರ 240ರ ಆಸುಪಾಸು, ಖಂಡಿತಾ ಫೇಲು. ಇಲ್ಲೇ ಆಟ ಶುರು. ಒಂದು ಕಂಪನಿಗೆ ನಾನು ಫೋನ್ ಮಾಡಿದಾಗ "23 ಕಿಲೋ ಒಳಗಿದ್ದರೆ ಸಾಕು ಸಾರ್" ಅಂದರು. ಮತ್ತೊಂದು ದಿನ ಅದೇ ನಂಬರಿಗೆ ಮಾಡಿದರೆ "ಓವರ್‌ಸೈಜ್ ಚಾರ್ಜ್ ಇದೆ, ಎಷ್ಟು ಅಂತ ಏರ್‌ಪೋರ್ಟಲ್ಲಿ ಹೇಳ್ತಾರೆ" ಅಂದರು. ಏರ್‌ಪೋರ್ಟಲ್ಲಿ ಹೇಳೋದಾ? ವೀಸಾ ಮಾಡಿಸಿ, ರಜೆ ಹಾಕಿ, ಸಾಲು ನಿಂತ ಮೇಲೆ ಹೇಳಿದ ದರಕ್ಕೆ ಯಾರು ಬೇಡ ಅಂತಾರೆ? ಇದಕ್ಕೆ ದರ ಅನ್ನಲ್ಲ, ಸುಲಿಗೆ ಅಂತಾರೆ. ಟಿಕೆಟ್ ಕೊಳ್ಳುವಾಗ ಊಟ ಯಾವುದು ಬೇಕು ಅಂತ ಕೇಳೋ ವೆಬ್‌ಸೈಟಿಗೆ ಸೈಕಲ್ಲಿಗೆ ಎಷ್ಟು ಅಂತ ಹೇಳೋಕೆ ಏನು ಕಷ್ಟ?

ಹಾಗಂತ ಸುಮ್ಮನೆ ಕೂರೋದಲ್ಲ. ಬುಕಿಂಗಿನಲ್ಲೇ ಸೈಕಲ್ ನಮೂದು ಮಾಡಿಸಿ, ಒಪ್ಪಿಗೆ ಇಮೇಲಿನಲ್ಲಿ ತಗೊಳ್ಳಿ, ಪ್ರಿಂಟ್ ಹಿಡ್ಕೊಂಡು ಹೋಗಿ. ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು ಆದರೆ ಇಬ್ಬರನ್ನೂ ಕೇಳಿ. ವಾಪಸ್ ಪ್ರಯಾಣಕ್ಕೂ ಬರೆಸಿಕೊಳ್ಳಿ.

"ಒಡೆದು ಹಾಕ್ತಾರೆ" ಅನ್ನೋ ಭಯಕ್ಕೂ ಮದ್ದಿದೆ. ಸೈಕಲ್ ಅಂಗಡಿಗೆ ಹೊಸ ಸೈಕಲ್ ಬರೋ ರಟ್ಟಿನ ಡಬ್ಬ ಕೇಳಿ, ಎಸೆಯೋ ಸಾಮಾನು ಅದು. ಪೆಡಲ್ ಬಿಚ್ಚಿ, ಎಡಗಡೆಯದಕ್ಕೆ ಉಲ್ಟಾ ಮರೆ ಇರುತ್ತೆ ಅನ್ನೋದು ನೆನಪಿರಲಿ. ಚಕ್ರ ತೆಗೆದು ಫೋರ್ಕಿನ ನಡುವೆ ಒಂದು ಗಟ್ಟಿ ಆಧಾರ ಕೊಡಿ. ಹಿಂದಿನ ಡಿರೇಲರ್ ಬಿಚ್ಚಿ ಬಟ್ಟೆ ಸುತ್ತಿ ಒಳಗೆ ಕಟ್ಟಿ, ಮೊದಲು ಬಗ್ಗೋದು ಅದರ ಕೊಕ್ಕೆಯೇ. ಟಯರಿನ ಗಾಳಿ ಇಳಿಸಿ, ಪೂರ್ತಿ ಬೇಡ, ರಿಮ್ಮಿಗೆ ರಕ್ಷಣೆ ಇರಲಿ. ಪವರ್ ಬ್ಯಾಂಕ್ ಡಬ್ಬದಲ್ಲಿ ಹಾಕೋ ಹಾಗೇ ಇಲ್ಲ, ಕೈಚೀಲದಲ್ಲೇ ಹೋಗಬೇಕು. ಮುಚ್ಚೋ ಮುಂಚೆ ಫೋಟೋ ತೆಗೆದಿಡಿ. ಪೆಟ್ಟಾಗಿದ್ದರೆ ಏರ್‌ಪೋರ್ಟಿನಲ್ಲೇ ದೂರು ಬರೆದುಕೊಡಿ. ಮಾಂಟ್ರಿಯಲ್ ಒಪ್ಪಂದದಲ್ಲಿ 7 ದಿನದ ಗಡುವಿದೆ, ಲಿಖಿತ ದೂರೇ ಬೇಕು. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಕೇಳಿದವರಿಗೆ ಮಾತ್ರ ಸಿಗುತ್ತೆ.

ದುಬಾರಿ ಸೈಕಲ್ ಆದರೆ ಹೊರಡುವಾಗಲೇ ಕಸ್ಟಮ್ಸ್‌ನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಡಬ್ಬ ಒಳಗೆ ಹೋಗುವ ಮುಂಚೆ. ಫ್ರೇಮ್ ನಂಬರೂ ಬಿಲ್ಲೂ ಜೊತೆಗಿರಲಿ. ಇಲ್ಲದಿದ್ದರೆ ವಾಪಸ್ ಬರುವಾಗ "ಇದು ಅಲ್ಲಿ ಕೊಂಡಿದ್ದಲ್ಲ, ನಂದೇ" ಅಂತ ಸಾಬೀತು ಮಾಡೋ ಕರ್ಮ ನಿಮ್ಮದು.

ಇಷ್ಟಾದರೂ ಬಸವೇಶ್ವರನಗರದಿಂದ ದೇವನಹಳ್ಳಿಗೆ ಡಬ್ಬ ಮುಟ್ಟಿಸಬೇಕಲ್ಲ? ಆಟೋದಲ್ಲಿ ಹಿಡಿಸಲ್ಲ, ಸಣ್ಣ ಕ್ಯಾಬಿನ ಡಿಕ್ಕಿಯಲ್ಲೂ ಹಿಡಿಸಲ್ಲ. ಮೆಟ್ರೋದಲ್ಲಿ 2022ರಿಂದ ಮಡಚುವ ಸೈಕಲ್ಲಿಗೆ ಮಾತ್ರ ಪ್ರವೇಶ. ಒಂದು ಕಾಲದಲ್ಲಿ ಹಳ್ಳಿ ಬಸ್ಸಿನ ಟಾಪ್ ಮೇಲೆ ಬಾಳೆಗೊನೆ, ಕೋಳಿ ಬುಟ್ಟಿ ಪಕ್ಕ ಸೈಕಲ್ಲೂ ಹೋಗ್ತಿತ್ತು. ಯಾರಿಗೂ ಅದು ಸಮಸ್ಯೆ ಅನ್ನಿಸಿರಲಿಲ್ಲ. ಸೈಕಲ್ ಸಾಗಿಸೋದು ಕಷ್ಟ ಅಲ್ಲ ಸ್ವಾಮಿ, ಅದಕ್ಕೆ ಜಾಗ ಕೊಡೋ ಮನಸ್ಸು ಹೋಗಿದೆ. "ಬಾಡಿಗೆಗೆ ತಗೋ" ಅಂತ ನಾವೂ ಹೇಳ್ತಾ ಹೋದರೆ ಆ ಮನಸ್ಸು ಇನ್ನೆಂದೂ ವಾಪಸ್ ಬರಲ್ಲ. ಕೇಳೋರೇ ಇಲ್ಲ ಅಂದಮೇಲೆ ಕಂಪನಿಯವರು ಯಾಕೆ ದರ ಪ್ರಕಟಿಸ್ತಾರೆ?

ಮಾಗಡಿ ರೋಡಿನ ಗುಂಡಿಗಳಲ್ಲಿ ನನ್ನ ಜೊತೆ ಏಟು ತಿಂದದ್ದು ಈ ಸೈಕಲ್. ಬ್ರೆಸ್ಟಿನ ಸಮುದ್ರ ನೋಡೋ ಹಕ್ಕೂ ಅದಕ್ಕೇ ಇರೋದು.

ಸೈಕಲ್ ಹೊತ್ತು ಹೊರದೇಶಕ್ಕೆ ಹೋಗಿ ಬಂದವರು ನಿಮ್ಮಲ್ಲೂ ಇದ್ದೀರಿ. ಯಾವ ವಿಮಾನ, ಯಾವ ವರ್ಷ, ಫೋನಲ್ಲಿ ಹೇಳಿದ್ದೆಷ್ಟು, ಕೌಂಟರಲ್ಲಿ ಕಿತ್ತಿದ್ದೆಷ್ಟು, ನಿಮ್ಮ ನಿಮ್ಮ ಬ್ಲಾಗಲ್ಲಿ ಕನ್ನಡದಲ್ಲೇ ಬರೆದು ಹಾಕಿ. ಅವರು ದರಪಟ್ಟಿ ಕೊಡಲ್ಲ ಅಂದರೆ ನಾವೇ ಒಂದು ಮಾಡೋಣ.