ಕೊಲ್ಲಿಯಲ್ಲಿ ಮಳೆ, ಪೇಟೆಯಲ್ಲಿ ಬಿಸಿಲು

ಮಡಿಕೇರಿ: ರೆಡ್ ಅಲರ್ಟ್ ಎಂದರೆ ಸಾಕು, ಕುಶಾಲನಗರದ ಅಂಗಡಿಯವರಿಗೆ ನಗು. ಶಾಲೆಗೆ ರಜೆ, ಗಿರಾಕಿ ಇಲ್ಲ, ಹೊರಗೆ ನೋಡಿದರೆ ಬಿಸಿಲು! ಅದೇ ಹೊತ್ತಿಗೆ ಭಾಗಮಂಡಲದ ಸಂಗಮದಲ್ಲಿ ನೀರು ಏರುತ್ತಿರುತ್ತದೆ. ಆದರೆ 2018ರಲ್ಲೂ 2019ರಲ್ಲೂ ಕುಶಾಲನಗರದ ನದಿದಂಡೆಯ ಬಡಾವಣೆಗಳಿಗೆ ನುಗ್ಗಿದ್ದು ಪೇಟೆಯಲ್ಲಿ ಸುರಿದ ಮಳೆಯಲ್ಲ, ಮೇಲಿನ ಕೊಲ್ಲಿಗಳ ನೀರು.

ಜಿಲ್ಲೆ ಒಂದೇ, ಮಳೆ ಏಕೆ ಬೇರೆ? ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ನೀರಾವಿ ಗಾಳಿಯ ಜೊತೆ ಒಳನಾಡಿಗೆ ಬರುತ್ತೆ. ಸಂಪಾಜೆ ದಾಟಿದರೆ ಎರಡೂ ಕಡೆ ಬೆಟ್ಟ, ನಡುವೆ ಇಕ್ಕಟ್ಟಾದ ಕಣಿವೆ. ಮಂಗಳೂರು ಬಸ್ಸು ಏದುಸಿರು ಬಿಟ್ಟು ಹತ್ತುವ ದಾರಿಯನ್ನೇ ಗಾಳಿಯೂ ಹತ್ತಬೇಕು. ಸುಮಾರು ಮೂವತ್ತು ಕಿಲೋಮೀಟರಿನಲ್ಲಿ ಸಾವಿರ ಮೀಟರ್ ಏರಿಕೆ! ಏರಿದಂತೆ ಗಾಳಿ ತಣ್ಣಗಾಗಿ, ಹೊತ್ತು ತಂದ ಆವಿ ಮಳೆಯಾಗಿ ಅಲ್ಲೇ ಇಳಿಯುತ್ತೆ. ಬೆಟ್ಟ ದಾಟಿ ಕುಶಾಲನಗರಕ್ಕೆ ಬರುವಾಗ ಹೊರೆ ಹಗುರ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟ ಜಾರಿದ್ದು ಒಂದು ದಿನದ ಮಳೆಗಲ್ಲ. ಜೂನ್‌ನಿಂದಲೇ ಮಣ್ಣು ನೆನೆದಿತ್ತು. ರಸ್ತೆಗೆ, ಮನೆಗೆ ಬರೆ ಕಡಿದದ್ದೂ ಕಾರಣ ಎಂದು ಭೂವಿಜ್ಞಾನಿಗಳೇ ಹೇಳಿದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯನ್ನೇ ನುಂಗಿತು.

ಅಳೆಯುವವರು ಇಲ್ಲವೆಂದಲ್ಲ. ಮಂಗಳೂರಿನ ಪಣಂಬೂರಿನಿಂದ ಹವಾಮಾನ ಇಲಾಖೆ ಬಿಡುವ ಬಲೂನು ಮೇಲಿನ ಗಾಳಿಯ ವೇಗ, ತೇವ ಎರಡನ್ನೂ ತಿಳಿಸುತ್ತೆ. ಎಷ್ಟು ಆವಿ ಬರುತ್ತಿದೆ ಎಂಬುದಕ್ಕೆ ಅದು ಲೆಕ್ಕ. ಯಾವ ಕೊಲ್ಲಿಗೆ ಸುರಿದೀತು ಎಂಬುದು ಅದಕ್ಕೆ ಗೊತ್ತಿಲ್ಲ. ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ಇಟ್ಟಿದೆ. ಕಾಲು ಗಂಟೆಗೊಮ್ಮೆ ಲೆಕ್ಕ ಬರುತ್ತೆ. ಒಳ್ಳೆಯದೇ. ಆದರೆ ಕೊಡಗಿನ ಒಂದು ಪಂಚಾಯಿತಿಯಲ್ಲಿ ಎಷ್ಟು ಬೆಟ್ಟ, ಎಷ್ಟು ಕೊಲ್ಲಿ! ಊರೊಳಗಿನ ಮಾಪಕಕ್ಕೆ ಕೊಲ್ಲಿಯ ತಲೆಯಲ್ಲಿ ಬಿದ್ದ ಮಳೆ ತಿಳಿಯದು.

ಆ ಲೆಕ್ಕ ಇಡುವವರು ಕಾಫಿ ತೋಟದವರು. ತಲೆಮಾರುಗಳಿಂದ ಇಂಚು, ಸೆಂಟ್‌ನಲ್ಲಿ ಬರೆದಿಟ್ಟ ಪುಸ್ತಕ ಹಲವು ತೋಟಗಳಲ್ಲಿದೆ. ಇಲಾಖೆ 'ಅತ್ಯಂತ ಭಾರಿ' ಎನ್ನುವ 204.5 ಮಿಲಿಮೀಟರ್ ಅವರ ಬಾಯಲ್ಲಿ ಎಂಟು ಇಂಚು. ಮಾಪಕವಿಲ್ಲದ ಕೊಲ್ಲಿಗೆ ಮೇಲಿನ ತೋಟದ ಲೆಕ್ಕವನ್ನೇ ಜಿಲ್ಲಾಡಳಿತ ಫೋನಿನಲ್ಲಿ ಪಡೆಯಬಾರದೇ?

ಪಡೆದದ್ದು ಕಡತ ಸೇರಿದರೆ ಪ್ರಯೋಜನವಿಲ್ಲ. ಮಡಿಕೇರಿ ಬಸ್ ನಿಲ್ದಾಣದಲ್ಲಿ, ಸಂಪಾಜೆ ಗೇಟಿನಲ್ಲಿ ಒಂದೊಂದು ಕಪ್ಪು ಹಲಗೆ ಇಟ್ಟು, ರಾತ್ರಿ ಘಾಟಿಯಲ್ಲಿ ಬಿದ್ದದ್ದೆಷ್ಟು ಎಂದು ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ಬರೆಯಲಿ. ಡ್ರೈವರ್ ಓದುತ್ತಾನೆ, ಕುಶಾಲನಗರದ ಅಂಗಡಿಯವರೂ ಕೇಳಿ ತಿಳಿಯುತ್ತಾರೆ.