ಮಿರಗಕ್ಕೆ ಮುಂಚಿನ ಬಿಸಿಲು

ರೋಹಿಣಿಯು ಮೇ 25ರ ಸುಮಾರಿಗೆ ಕೂಡಿದರೆ, ಜನರು ಮಿರಗವೆಂದು ಕರೆಯುವ ಮೃಗಶಿರವು ಜೂನ್ 8ರ ಸುಮಾರಿಗೆ ಕೂಡುತ್ತದೆ. ಬಾಗಲಕೋಟೆಗೆ ಸಮೀಪದ ಶಿರೂರಿನಲ್ಲಿ ಹಿತ್ತಿಲ ಫಲವನ್ನು ಮಳೆಗಾಲಕ್ಕೆಂದು ಕಾದಿಡುವ ಗೃಹಿಣಿಗೆ ಇವೆರಡರ ನಡುವಣ ಎರಡು ವಾರಗಳೇ ಕಡೆಯ ಗಡುವು. ಅಡ್ಡಮಳೆಯ ಮೋಡವು ಯಾವ ಸಂಜೆ ಮೇಲೇಳುವುದೋ ಹೇಳಬರುವುದಿಲ್ಲ. ಮಾಳಿಗೆಯ ಮೇಲೆ ಹರವಿದ ಕಾಯಿ ಒಮ್ಮೆ ನೆನೆಯಿತೆಂದರೆ ನಾಲ್ಕು ದಿನಗಳ ದುಡಿಮೆ ನೀರುಪಾಲು.

ಇಲ್ಲಿ ಪೋಲಾಗುವುದು ಕಾಯಿ ಮಾತ್ರವಲ್ಲ. ಬಯಲುಸೀಮೆಯ ಕಡುಬೇಸಿಗೆಯಲ್ಲಿ ಹಿತ್ತಿಲು ಹಸುರಾಗಿ ಉಳಿಯುವುದು ಬಚ್ಚಲ ನೀರಿನಿಂದ, ಕೊಡ ಹೊತ್ತು ಹಾಕಿದ ನೀರಿನಿಂದ. ಅಷ್ಟು ಜತನದಿಂದ ಬೆಳೆದ ಮೆಣಸಿನಕಾಯಿ, ಚವಳಿಕಾಯಿಗಳು ಒಮ್ಮೆಲೇ ಕೈತುಂಬ ಬರುತ್ತವೆ. ನೆರೆಮನೆಗೆ ಕೊಡೋಣವೆಂದರೆ ಅಲ್ಲಿಯೂ ಅದೇ ಸುಗ್ಗಿ. ಇತ್ತ ಮಿರಗದಲ್ಲಿ ಊರಿದ ಬೀಜವು ಕಾಯಿ ಬಿಡಬೇಕಾದರೆ ಶ್ರಾವಣ ಬರಬೇಕು. ಆ ಎರಡು ತಿಂಗಳ ಬರಿಗೈಯನ್ನು ತುಂಬುವುದು ಈಗಿನ ಬಿಸಿಲೇ.

ಹಸಿ ಕಾಯಿಯ ತೂಕದಲ್ಲಿ ನೂರಕ್ಕೆ 80 ಪಾಲಿಗೂ ಮಿಗಿಲಾಗಿ ನೀರಿರುವುದುಂಟು. ಬೂಷ್ಟು ಬೆಳೆಯಲು ಆ ನೀರೇ ಆಧಾರ. ಕರಾವಳಿಯ ತೇವದ ಗಾಳಿಯಲ್ಲಿ ಒಣಗಿಸುವುದು ಕಷ್ಟವಾದ್ದರಿಂದ ಅಲ್ಲಿಯವರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವರು. ಬಿಸಿಲನ್ನು ನೆಚ್ಚಲಾಗದ ಫ್ರಾನ್ಸಿನಲ್ಲಿ ನಿಕೊಲಾ ಆಪೇರ್ ಎಂಬಾತನು ಆಹಾರವನ್ನು ಸೀಸೆಯಲ್ಲಿ ಮುಚ್ಚಿ ಕುದಿಸಿ ಕಾಪಾಡುವ ಕ್ರಮವನ್ನು 1810ರಲ್ಲಿ ಪ್ರಕಟಿಸಿದನು. ಒಣಗಾಳಿಯೂ ಸಪಾಟು ಮಾಳಿಗೆಯೂ ಇರುವ ಶಿರೂರಿನ ಕಡೆ ಆ ಕೆಲಸವನ್ನು ಸೂರ್ಯನೇ ಮಾಡಿಕೊಡುತ್ತಾನೆ.

ಮೊದಲು ಬಾಳಕ. 1 ಕಿಲೋ ಬಲಿತ ಹಸಿಮೆಣಸಿನಕಾಯಿಯನ್ನು ತೊಳೆದು, ನೀರಾರಿಸಿ, ತೊಟ್ಟು ಕೀಳದೆ ಉದ್ದಕ್ಕೆ ಒಂದು ಸೀಳು ಹಾಕಬೇಕು. 1 ಲೀಟರ್ ಹುಳಿ ಮಜ್ಜಿಗೆಗೆ 100 ಗ್ರಾಂ ಉಪ್ಪು, ಸ್ವಲ್ಪ ಮೆಂತ್ಯದ ಪುಡಿ, ಜೀರಿಗೆ, ಇಂಗು ಬೆರೆಸಿ, ಕಾಯಿಗಳನ್ನು ರಾತ್ರಿಯಿಡೀ ನೆನೆಯಿಡಬೇಕು. ಹಗಲು ಕಾಯಿಗಳನ್ನು ಮಾತ್ರ ಬಿಸಿಲಿಗೆ ಹರವಿ, ಇರುಳು ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮೂರು ನಾಲ್ಕು ದಿನಗಳಲ್ಲಿ ಮಜ್ಜಿಗೆಯೆಲ್ಲ ಹೀರಿಹೋಗುವುದು. ಆಮೇಲೆ ಗಲಗಲ ಸದ್ದಾಗುವವರೆಗೆ ಒಣಗಿಸಿದರಾಯಿತು.

ಚವಳಿಕಾಯಿಯ ಕ್ರಮ ಬೇರೆ. ಎಳೆಯ ಕಾಯಿಗಳ ತುದಿ ತೆಗೆದು, ಕುದಿಯುವ ಉಪ್ಪುನೀರಿನಲ್ಲಿ ಮೂರು ನಿಮಿಷ ಅದ್ದಿ ತೆಗೆದರೆ ಬಣ್ಣ ಕೆಡದು. ನೀರು ಬಸಿದು, ತೆಳುವಾದ ಬಟ್ಟೆ ಮುಚ್ಚಿ ಬಿಸಿಲಿಗಿಡಬೇಕು. ಮುರಿದರೆ ಲಟಕ್ಕೆಂದಾಗ ಒಣಗಿತೆಂದು ತಿಳಿಯುವುದು.

ಒಣಗಿದ್ದನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬುವುದು ಸಲ್ಲದು; ಒಳಗೆ ಬೆವರೊಡೆದು ಬೂಷ್ಟು ಹತ್ತುವುದು. ಆರಿದ ಮೇಲೆ ಗಾಜಿನ ಭರಣಿಗೆ ತುಂಬಿ, ಒಂದು ವಾರ ದಿನವೂ ನೋಡುತ್ತಿರಬೇಕು. ಗಾಜಿನ ಮೇಲೆ ಹನಿ ಕಂಡರೆ ಕೂಡಲೇ ಮತ್ತೆ ಬಿಸಿಲಿಗೆ ಹಾಕತಕ್ಕದ್ದು. ಬೂಷ್ಟು ಕಂಡ ಭರಣಿಯಲ್ಲಿ ಮೇಲಿನದನ್ನಷ್ಟೇ ತೆಗೆದು ಉಳಿದುದನ್ನು ಉಣ್ಣುವ ಜಿಪುಣತನ ಬೇಡ. ಬರಿಗಣ್ಣಿಗೆ ಕಾಣದ ವಿಷ ತಳದವರೆಗೂ ಇಳಿದಿರಬಹುದು. ಪೇಟೆಯ ಮನೆಗಳವರೂ ತಾರಸಿಯ ಮೇಲೆ ಒಂದು ಮೊರದಷ್ಟನ್ನು ಈ ಕ್ರಮದಲ್ಲಿಯೇ ಮಾಡಿಕೊಳ್ಳಬಹುದು.

ಆದರೆ ಬಂದುದನ್ನೆಲ್ಲ ಮಾಳಿಗೆಗೇರಿಸುವುದೂ ಜಾಣತನವಲ್ಲ. ಬಿಸಿಲಿನಲ್ಲಿ ಸಿ ಜೀವಸತ್ವದ ಬಹುಭಾಗ ನಾಶವಾಗುತ್ತದೆ. ಎಳೆಯ ಚವಳಿಕಾಯಿಗೆ ಗುರೆಳ್ಳಿನ ಪುಡಿ ಹಾಕಿದ ಪಲ್ಯವನ್ನು ಬಿಸಿ ಜೋಳದ ರೊಟ್ಟಿಯೊಡನೆ ಉಣ್ಣುವ ಸುಖವನ್ನು ಯಾವ ಭರಣಿಯೂ ಕೂಡಿಡಲಾರದು. ಮನೆಯವರು ತೃಪ್ತಿಯಾಗಿ ಉಂಡು ಮಿಕ್ಕಿದ್ದಕ್ಕೆ ಬಿಸಿಲು. ಎಲ್ಲಕ್ಕೂ ಚೆನ್ನಾಗಿರುವ ಒಂದು ಗಿಡದ ನಾಲ್ಕು ಕಾಯಿಗಳು ಬೀಜಕ್ಕೆ. ಬೀಜಕ್ಕೆ ಬಿಟ್ಟ ಕಾಯಿಗಳು ಗಿಡದಲ್ಲಿಯೇ ಒಣಗಲಿ.

ಆಷಾಢದ ಜಿಟಿಜಿಟಿ ಸಂಜೆ ಮೊಸರನ್ನದ ಬದಿಗೆ ಎಣ್ಣೆಯಲ್ಲಿ ಕರಿದ ಎರಡು ಬಾಳಕ ಬಿದ್ದಾಗ, ಬೇಸಿಗೆಯಲ್ಲಿ ಹೊತ್ತು ಹಾಕಿದ ಒಂದೊಂದು ಕೊಡ ನೀರೂ ಸಾರ್ಥಕವಾದಂತೆ.