ಕೀಬೋರ್ಡ್ ಶಾರ್ಟ್‌ಕಟ್ ಕಲಿತರೆ ಎಐ ಸಹಾಯಕನ ಜೊತೆ ಕೆಲಸ ಬೇಗ ಮುಗಿಯುತ್ತದೆಯೇ?

ಆಫೀಸಿನ ಕಂಪ್ಯೂಟರಿಗೆ ಎಐ ಸಹಾಯಕ ಬಂದದ್ದೇ ತಡ, ಅದರ ಹಿಂದೆಯೇ ಶಾರ್ಟ್‌ಕಟ್‌ಗಳ ಪಟ್ಟಿಗಳೂ ಬಂದವು. ಈ ಕೀಲಿಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ದಿನದ ಕೆಲಸ ಗಂಟೆಯಲ್ಲಿ ಮುಗಿಯುತ್ತದೆ ಎಂಬ ಭರವಸೆ ಅವುಗಳದ್ದು. ಇದರಲ್ಲಿ ನಿಜವೆಷ್ಟು?

ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ ಎಂಬ ಸಂಶೋಧಕರು 1980ರಲ್ಲಿ ಕಂಪ್ಯೂಟರ್ ಬಳಸುವವರ ಕೆಲಸವನ್ನು ಚಿಕ್ಕಚಿಕ್ಕ ತುಣುಕುಗಳಾಗಿ ಒಡೆದು, ಪ್ರತಿಯೊಂದಕ್ಕೂ ಸರಾಸರಿ ಸಮಯ ಕೊಟ್ಟರು. ಟೈಪಿಂಗ್ ಚೆನ್ನಾಗಿ ಬಲ್ಲವರಿಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡು ಬೇಕು. ಮೌಸ್‌ನ ಬಾಣವನ್ನು ಗುರಿಗೆ ಒಯ್ಯಲು 1.1 ಸೆಕೆಂಡು, ಕೈಯನ್ನು ಕೀಬೋರ್ಡಿನಿಂದ ಮೌಸ್‌ಗೆ ಸರಿಸಲು 0.4 ಸೆಕೆಂಡು. ಹೀಗೆ ಮೌಸ್ ಹಿಡಿದು, ಒಂದು ಗುಂಡಿ ಒತ್ತಿ, ಮತ್ತೆ ಕೀಬೋರ್ಡಿಗೆ ಮರಳಲು ಸುಮಾರು 2.1 ಸೆಕೆಂಡು ಆಯಿತು. ಎರಡು ಕೀಲಿಗಳ ಶಾರ್ಟ್‌ಕಟ್‌ಗೆ 0.4 ಸೆಕೆಂಡು ಸಾಕು. ಉಳಿತಾಯ 1.7 ಸೆಕೆಂಡು. ದಿನಕ್ಕೆ ನೂರು ಸಲ ಹೀಗೆ ಮಾಡಿದರೂ ಉಳಿಯುವುದು ಮೂರು ನಿಮಿಷಕ್ಕಿಂತ ಕಡಿಮೆ.

ಅದೇ ಸೂತ್ರದಲ್ಲಿ ಇನ್ನೊಂದು ಅಂಕಿಯಿದೆ. ಮುಂದೇನು ಮಾಡಬೇಕೆಂದು ಮನಸ್ಸು ಸಿದ್ಧವಾಗಲು 1.35 ಸೆಕೆಂಡು. 'ಆಲ್ಟ್ ಒತ್ತಬೇಕೋ ಕಂಟ್ರೋಲೋ?' ಎಂದು ಒಂದು ಕ್ಷಣ ತಡಕಾಡಿದರೂ ಗಳಿಸಿದ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ. ಆಪಲ್ ಸಂಸ್ಥೆಯಲ್ಲಿದ್ದ ಬ್ರೂಸ್ ಟೊಗ್ನಾಝಿನಿ 1989ರಲ್ಲಿ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಿದ್ದರು. ಕೀಬೋರ್ಡೇ ವೇಗ ಎಂದು ಬಳಕೆದಾರರಿಗೆ ಅನ್ನಿಸುತ್ತದೆ, ಆದರೆ ಗಡಿಯಾರ ಮೌಸ್ ಪರವಾಗಿ ಸಾಕ್ಷಿ ಹೇಳುತ್ತದೆ, ಏಕೆಂದರೆ ಕೀಲಿ ನೆನಪಿಸಿಕೊಳ್ಳಲು ಹೋದ ಹೊತ್ತು ನಮ್ಮ ಗಮನಕ್ಕೇ ಬರುವುದಿಲ್ಲ ಎಂಬುದು ಅವರ ವಾದ. ಇದು ಸ್ವಲ್ಪ ಅತಿಯಾಯಿತು. ಕಂಟ್ರೋಲ್ + ಸಿ, ಕಂಟ್ರೋಲ್ + ವಿ ಥರ ಬೆರಳಿಗೆ ಅಂಟಿಕೊಂಡ ಕೀಲಿಗಳಿಗೆ ಯೋಚನೆಯೇ ಬೇಕಿಲ್ಲ, ಅಲ್ಲಿ ಕೀಬೋರ್ಡ್ ಗೆಲ್ಲುತ್ತದೆ.

ಎಐ ಸಹಾಯಕನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತದೆ. ಅದನ್ನು ಕರೆಯಲು ಒಂದು ಸೆಕೆಂಡೋ ಎರಡೋ ಬೇಕಾಗಬಹುದು. ಅದು 300 ಪದಗಳ ಕರಡು ಬರೆದುಕೊಟ್ಟರೆ, ನಿಮಿಷಕ್ಕೆ 200 ಪದ ಓದುವವರಿಗೂ ಒಂದೂವರೆ ನಿಮಿಷ ಬೇಕು. ಅದರಲ್ಲಿರುವ ದಿನಾಂಕ, ಮೊತ್ತ, ಹೆಸರುಗಳನ್ನು ಮೂಲ ಕಡತದೊಂದಿಗೆ ತಾಳೆ ನೋಡಲು ಇನ್ನಷ್ಟು ಹೊತ್ತು. ಇಂಥ ಸಹಾಯಕರು ಇಲ್ಲದ್ದನ್ನೂ ಇದೆ ಎಂಬಷ್ಟು ಸರಾಗವಾಗಿ ಬರೆಯಬಲ್ಲರಾದ್ದರಿಂದ ಈ ತಾಳೆಯನ್ನು ಬಿಡುವಂತಿಲ್ಲ. ಸಮಯ ಹೋಗುವುದು ಇಲ್ಲಿ.

ಕರೆಯುವ ಕೀಲಿಗಳನ್ನು ಬಾಯಿಪಾಠ ಮಾಡುವುದರಲ್ಲಿ ಇನ್ನೊಂದು ತೊಡಕೂ ಇದೆ: ಅವು ನಿಂತಲ್ಲಿ ನಿಲ್ಲುವುದಿಲ್ಲ. ವಿಂಡೋಸ್ + ಸಿ ಒತ್ತಿದರೆ ವಿಂಡೋಸ್ 8ರಲ್ಲಿ ತೆರೆಯ ಬಲಬದಿಯ ಪಟ್ಟಿಯೊಂದು ತೆರೆಯುತ್ತಿತ್ತು. ಆಮೇಲೆ ಅದೇ ಕೀಲಿ ಕೊರ್ಟಾನಾದ ಪಾಲಾಯಿತು, 2023ರಲ್ಲಿ ಕೋಪೈಲಟ್‌ನದ್ದಾಯಿತು. 2024ರ ಜನವರಿಯಲ್ಲಂತೂ ಮೈಕ್ರೋಸಾಫ್ಟ್ ಕೋಪೈಲಟ್‌ಗೆಂದೇ ಕೀಬೋರ್ಡಿನಲ್ಲಿ ಬೇರೆ ಕೀಲಿಯನ್ನು ಘೋಷಿಸಿತು. ಕಂಟ್ರೋಲ್ + ಝಡ್ ಮಾತ್ರ ದಶಕಗಳಿಂದ ಅದೇ ಕೆಲಸ ಮಾಡುತ್ತಿದೆ.

ಹಾಗಾಗಿ ಸಹಾಯಕನನ್ನು ಕರೆಯುವ ಕೀಲಿಗಿಂತ, ಅದು ಬರೆದದ್ದನ್ನು ಪರೀಕ್ಷಿಸುವ ಕೀಲಿಗಳನ್ನು ಮೊದಲು ಕಲಿಯುವುದು ಜಾಣತನ. ಸಾರಾಂಶದಲ್ಲಿ '15 ದಿನಗಳೊಳಗೆ' ಎಂದಿದ್ದರೆ ಮೂಲ ಪತ್ರದಲ್ಲಿ ಕಂಟ್ರೋಲ್ + ಎಫ್ ಒತ್ತಿ '15' ಎಂದು ಹುಡುಕಿ. ಪತ್ರದಲ್ಲಿರುವುದು 'ಕೆಲಸದ ದಿನಗಳು' ಎಂದಿದ್ದರೆ ಗಡುವೇ ಬೇರೆ. ವಿಂಡೋಸ್ ಕೀಲಿಯ ಜೊತೆ ಎಡ ಅಥವಾ ಬಲ ಬಾಣ ಒತ್ತಿದರೆ ಮೂಲವೂ ಕರಡೂ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್ + ಶಿಫ್ಟ್ + ವಿ ಒತ್ತಿ ಅಂಟಿಸಿದರೆ ಬಣ್ಣ, ಅಕ್ಷರದ ಗಾತ್ರ ಬಿಟ್ಟು ಬರೀ ಪಠ್ಯ ಬರುತ್ತದೆ. ಪ್ರಶ್ನೆ ಬರೆಯುವಾಗ ಹೊಸ ಸಾಲಿಗೆ ಹೋಗಲು ಶಿಫ್ಟ್ + ಎಂಟರ್ ಒತ್ತಬೇಕು. ಬರೀ ಎಂಟರ್ ಒತ್ತಿದರೆ ಅರೆಬರೆ ಪ್ರಶ್ನೆಯೇ ಹೊರಟುಹೋಗುತ್ತದೆ, ಉತ್ತರವೂ ಅರೆಬರೆ.

ಟ್ಯಾಬ್ ಕೀಲಿಯ ಬಗ್ಗೆ ಮಾತ್ರ ಎಚ್ಚರವಿರಲಿ. ಬರೆಯುತ್ತಿರುವಾಗ ಬೂದುಬಣ್ಣದಲ್ಲಿ ಮೂಡುವ ಸಲಹೆಯನ್ನು ಒಂದೇ ಏಟಿಗೆ ಒಪ್ಪಿಕೊಳ್ಳುವ ಕೀಲಿ ಅದು. ಕಣ್ಣು ಓದುವ ಮೊದಲೇ ಬೆರಳು ಒಪ್ಪಿಬಿಡುತ್ತದೆ, ಪತ್ರಕ್ಕೆ ಸಹಿ ಹಾಕುವವರು ಮಾತ್ರ ನೀವೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ಸಮಸ್ಯೆಯಿದೆ. ಕನ್ನಡ ಮತ್ತು ಇಂಗ್ಲಿಷ್ ಕೀಲಿಮಣೆಗಳ ನಡುವೆ ಓಡಾಡಲು ವಿಂಡೋಸ್ + ಸ್ಪೇಸ್ ಇದೆ, ಅದು ಸುಲಭ. ಆದರೆ ಹಳೆಯ ಕಡತಗಳು ಯುನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ಅವನ್ನು ನಕಲಿಸಿ ಎಐ ಪೆಟ್ಟಿಗೆಗೆ ಅಂಟಿಸಿದಾಗ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆ ಕಡತಗಳ ಒಳಗೆ ಇರುವುದೇ ಅದು. ಅದಕ್ಕೆ ಕನ್ನಡದ ವೇಷ ಹಾಕಿಸುವುದು ಫಾಂಟು. ಅಲ್ಲಿ ಕಂಟ್ರೋಲ್ + ಎಫ್ ಕೂಡ ಕೈಕೊಡುತ್ತದೆ: ಯುನಿಕೋಡ್‌ನಲ್ಲಿ 'ಮಂಜೂರಾತಿ' ಎಂದು ಹುಡುಕಿದರೆ, ಅದೇ ಪದ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಇಂಥ ಕಡತವನ್ನು ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತರಬೇಕು, ನಂತರ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಕೆಟ್ಟಿಲ್ಲವೇ ಎಂದು ಕಣ್ಣಾಡಿಸಬೇಕು. ಈ ಕೆಲಸಕ್ಕೆ ಯಾವ ಶಾರ್ಟ್‌ಕಟ್ಟೂ ಇಲ್ಲ.